ರೋಗಿಯ ಗುಟ್ಟು ಹೊರುವ ಲ್ಯಾಪ್‌ಟಾಪ್

ಎಂಬಿಬಿಎಸ್ ಸೀಟು ಖಚಿತವಾದ ಮನೆಯಲ್ಲಿ ಮೊದಲ ವಾರವೆಲ್ಲ ಪಟ್ಟಿ ಹಾಕುವುದೇ ಕೆಲಸ. ಬಿಳಿ ಕೋಟು, ಸ್ಟೆತಸ್ಕೋಪು, ಬೋನ್ ಸೆಟ್ಟು, ಚೌರಾಸಿಯಾ ಅವರ ಅನಾಟಮಿ ಪುಸ್ತಕಗಳು. ಇವುಗಳ ಸಾಲಿಗೆ ಈಗ ಲ್ಯಾಪ್‌ಟಾಪೂ ಸೇರಿದೆ. ಉಳಿದದ್ದನ್ನೆಲ್ಲ ಸೀನಿಯರ್‌ಗಳ ಮಾತು ಕೇಳಿ ಕೊಳ್ಳುತ್ತಾರೆ. ಲ್ಯಾಪ್‌ಟಾಪಿನ ವಿಚಾರ ಬಂದಾಗ ಮಾತ್ರ ಇಂಜಿನಿಯರಿಂಗ್ ಓದುವ ಅಣ್ಣ, ಬೆಂಗಳೂರಿನಲ್ಲಿ ಐಟಿ ಕೆಲಸದಲ್ಲಿರುವ ಮಾವ, ಕೊನೆಗೆ ಅಂಗಡಿಯ ಕೌಂಟರಿನಲ್ಲಿ ನಿಂತ ಹುಡುಗ ತೀರ್ಪು ಕೊಡುತ್ತಾರೆ. ಪ್ರೊಸೆಸರ್ ಯಾವುದು, ರ‍್ಯಾಮ್ ಎಷ್ಟು, ಆಫರ್ ಏನಿದೆ ಎಂಬ ಮೂರು ಪ್ರಶ್ನೆಗಳಲ್ಲಿ ಆಯ್ಕೆ ಮುಗಿದುಹೋಗುತ್ತದೆ. ಈ ರೂಢಿಯಲ್ಲಿ ದೊಡ್ಡದೊಂದು ಕೊರತೆಯಿದೆ. ವೈದ್ಯಕೀಯ ವಿದ್ಯಾರ್ಥಿಯ ಲ್ಯಾಪ್‌ಟಾಪ್ ಬಹಳ ದಿನ ಆ ವಿದ್ಯಾರ್ಥಿಯೊಬ್ಬರದೇ ಆಗಿ ಉಳಿಯುವುದಿಲ್ಲ. ಅದರೊಳಗೆ ರೋಗಿಗಳ ಬದುಕು ಬಂದು ಸೇರುತ್ತದೆ. ಆ ಬದುಕಿನ ಗುಟ್ಟನ್ನು ಕಾಯಬಲ್ಲ ಯಂತ್ರವೇ ಸೂಕ್ತ ಯಂತ್ರ; ಭದ್ರತೆಯನ್ನು ಲೆಕ್ಕಕ್ಕೆ ಹಿಡಿಯದ ಆಯ್ಕೆ ಎಷ್ಟೇ ವೇಗದ್ದಾಗಿರಲಿ, ಎಷ್ಟೇ ಅಗ್ಗದ್ದಾಗಿರಲಿ, ತಪ್ಪು ಆಯ್ಕೆ.

ಈ ಮಾತನ್ನು ಮಂಗಳೂರಿನಲ್ಲಿ ನಿಂತು ಆಡಲು ಕಾರಣವಿದೆ. ಒಂದು ನಗರದ ಸುತ್ತ ಇಷ್ಟೊಂದು ವೈದ್ಯಕೀಯ ಕಾಲೇಜುಗಳಿರುವ ಜಾಗಗಳು ದೇಶದಲ್ಲಿ ಹೆಚ್ಚಿಲ್ಲ. ಡಾ. ಟಿ.ಎಂ.ಎ. ಪೈ ಅವರು 1953ರಲ್ಲಿ ಮಣಿಪಾಲದಲ್ಲಿ ಆರಂಭಿಸಿದ ಕಸ್ತೂರಬಾ ಮೆಡಿಕಲ್ ಕಾಲೇಜು 1955ರಲ್ಲಿ ಮಂಗಳೂರಿಗೂ ಬಂತು. ಖಾಸಗಿ ಕಾಲೇಜಿನ ವಿದ್ಯಾರ್ಥಿಗಳು ಸರ್ಕಾರಿ ವೆನ್ಲಾಕ್ ಮತ್ತು ಲೇಡಿ ಗೋಷನ್ ಆಸ್ಪತ್ರೆಗಳ ವಾರ್ಡುಗಳಲ್ಲಿ ಕಲಿಯುವ ಏರ್ಪಾಡು ಹೀಗೆ ಬೆಳೆಯಿತು. ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1880ರಲ್ಲಿ ಆರಂಭಿಸಿದ ಸೇವೆಯ ಬೆನ್ನಿಗೆ 1999ರಲ್ಲಿ ಮೆಡಿಕಲ್ ಕಾಲೇಜು ಬಂತು. ಅದೇ ವರ್ಷ ದೇರಳಕಟ್ಟೆಯಲ್ಲಿ ಕೆ.ಎಸ್. ಹೆಗ್ಡೆ ಮೆಡಿಕಲ್ ಅಕಾಡೆಮಿ ಮತ್ತು ಯೆನೆಪೋಯ ಮೆಡಿಕಲ್ ಕಾಲೇಜು ತೆರೆದವು. ಕುಂಟಿಕಾನದ ಎ.ಜೆ., ಮುಕ್ಕದ ಶ್ರೀನಿವಾಸ, ನಾಟೆಕಲ್ಲಿನ ಕಣಚೂರು ಆಮೇಲಿನವು. ಕಾಸರಗೋಡು, ಕೊಡಗು, ಚಿಕ್ಕಮಗಳೂರು, ಉತ್ತರ ಕನ್ನಡದ ರೋಗಿಗಳು ಈ ಆಸ್ಪತ್ರೆಗಳನ್ನು ನಂಬಿ ಬರುತ್ತಾರೆ. ಅವರ ಕಥೆಯನ್ನು ಮಂಚದ ಪಕ್ಕ ನಿಂತು ಮೊದಲು ಬರೆದುಕೊಳ್ಳುವವರಲ್ಲಿ ವಿದ್ಯಾರ್ಥಿಗಳೂ ಇರುತ್ತಾರೆ. ಬರೆದುಕೊಂಡದ್ದು ಹೋಗಿ ಸೇರುವುದು ಅವರ ಲ್ಯಾಪ್‌ಟಾಪಿಗೆ.

ಲ್ಯಾಪ್‌ಟಾಪ್ ಎಷ್ಟು ಕಾಲ ಬಾಳಬೇಕು, ಏನೇನು ಕೆಲಸ ಮಾಡಬೇಕು ಎಂಬುದನ್ನು ಮೊದಲು ನೋಡೋಣ. ಎಂಬಿಬಿಎಸ್ ನಾಲ್ಕೂವರೆ ವರ್ಷ, ಹೌಸ್ ಸರ್ಜನ್ಸಿ ಒಂದು ವರ್ಷ. ಅಂದರೆ ಕಾಲೇಜು ಸೇರುವಾಗ ಕೊಂಡ ಯಂತ್ರ ಐದೂವರೆ ವರ್ಷ ನಡೆಯಬೇಕು. ಮೊದಲ ವರ್ಷ ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿಯ ಪಿಡಿಎಫ್, ಸ್ಲೈಡು, ವಿಡಿಯೋಗಳು. ಮರೆಯದಿರಲೆಂದು ದಿನವೂ ಮಗುಚುವ ಆಂಕಿ ಆಪ್‌ನ ಕಾರ್ಡುಗಳು. ಆಮೇಲೆ ಪೆಥಾಲಜಿ, ಮೈಕ್ರೋಬಯಾಲಜಿ, ಫಾರ್ಮಕಾಲಜಿ. ಕಮ್ಯುನಿಟಿ ಮೆಡಿಸಿನ್ ಬಂದಾಗ ಹಳ್ಳಿಯ ಮನೆಗಳ ಸಮೀಕ್ಷೆ, ಅದರ ಅಂಕಿಅಂಶ. ಆಸಕ್ತಿಯಿದ್ದವರಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಲ್ಪಾವಧಿ ವಿದ್ಯಾರ್ಥಿವೇತನದ ಸಂಶೋಧನೆ. ಕೊನೆಯ ವರ್ಷಗಳಲ್ಲಿ ಕೇಸ್ ಪ್ರೆಸೆಂಟೇಶನ್, ಸೆಮಿನಾರ್, ಪಿ.ಜಿ. ಪ್ರವೇಶ ಪರೀಕ್ಷೆಯ ತಯಾರಿ. ಪಿ.ಜಿ. ಸೇರಿದರೆ ಥೀಸಿಸ್. 2019ರಲ್ಲಿ ಬಂದ ಸಾಮರ್ಥ್ಯ ಆಧಾರಿತ ಪಠ್ಯಕ್ರಮ ರೋಗಿಯ ಸಂಪರ್ಕವನ್ನು ಮೊದಲ ವರ್ಷಕ್ಕೇ ತಂದಿದೆ. ಹಾಗಾಗಿ ಭದ್ರತೆಯನ್ನು ಕ್ಲಿನಿಕಲ್ ಪೋಸ್ಟಿಂಗ್ ಶುರುವಾದ ಮೇಲೆ ನೋಡಿಕೊಂಡರಾಯಿತು ಎನ್ನುವ ಸಮಾಧಾನಕ್ಕೂ ಈಗ ಜಾಗವಿಲ್ಲ.

ಈ ಕೆಲಸಗಳಲ್ಲಿ ಯಾವುದಕ್ಕೂ ಭಾರಿ ಶಕ್ತಿಯ ಯಂತ್ರ ಬೇಕಿಲ್ಲ. ಐದೂವರೆ ವರ್ಷದ ದೃಷ್ಟಿಯಿಂದ 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ, ಮಧ್ಯಮ ದರ್ಜೆಯ ಹೊಸ ಪ್ರೊಸೆಸರ್ ಸಾಕು. ಅನೇಕ ತೆಳುವಾದ ಲ್ಯಾಪ್‌ಟಾಪುಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಮುಂದೆ ಹೆಚ್ಚಿಸಲು ಬಾರದು; 8 ಜಿಬಿಯಲ್ಲಿ ಉಳಿಸಿದ ಹಣ ಮೂರನೇ ವರ್ಷದಲ್ಲಿ ನಷ್ಟವಾಗಿ ಕಾಣುತ್ತದೆ. ತೂಕ ಒಂದೂವರೆ ಕಿಲೋ ಒಳಗಿದ್ದರೆ ಒಳ್ಳೆಯದು. ದೇರಳಕಟ್ಟೆಯ ಬಸ್ಸಿನಲ್ಲಿ ನಿಂತು ಪ್ರಯಾಣಿಸುವವರಿಗೆ, ಲೈಟ್‌ಹೌಸ್ ಹಿಲ್‌ನ ಏರು ಹತ್ತಿ ಹಂಪನಕಟ್ಟೆಗೆ ಇಳಿದು ವೆನ್ಲಾಕಿಗೆ ನಡೆಯುವವರಿಗೆ ಪ್ರತಿ ಅರ್ಧ ಕಿಲೋ ಕೂಡ ಹೆಗಲಿಗೆ ತಿಳಿಯುತ್ತದೆ. ಲೆಕ್ಚರ್ ಹಾಲಿನಲ್ಲಿ ಪ್ಲಗ್ ಪಾಯಿಂಟಿಗಾಗಿ ಗೋಡೆ ಬದಿಯ ಸೀಟು ಹುಡುಕುವ ಪಾಡು ತಪ್ಪಬೇಕಾದರೆ ಬ್ಯಾಟರಿ ಒಂದು ಪೂರ್ತಿ ಕಾಲೇಜು ದಿನ ಬರಬೇಕು.

ಕೌಂಟರಿನಲ್ಲಿ ಯಾರೂ ಕೇಳದ ಇನ್ನೊಂದು ಗುಣ ಪರದೆಯ ಬಣ್ಣ. ಹಿಸ್ಟಾಲಜಿ, ಪೆಥಾಲಜಿ ಸ್ಲೈಡುಗಳಿಗೆ ಸಾಮಾನ್ಯವಾಗಿ ಹಾಕುವ ಬಣ್ಣ ಹಿಮಟಾಕ್ಸಿಲಿನ್ ಮತ್ತು ಇಯೋಸಿನ್. ಜೀವಕೋಶದ ಕೇಂದ್ರ ನೀಲಿ-ನೇರಳೆಯಾಗಿ, ಸುತ್ತಲಿನ ಭಾಗ ಗುಲಾಬಿಯಾಗಿ ಕಾಣುತ್ತದೆ. ಯಾವ ಕೋಶ ಆರೋಗ್ಯದಲ್ಲಿದೆ, ಯಾವುದು ಕೆಟ್ಟಿದೆ ಎಂದು ಗುರುತಿಸುವ ಕಣ್ಣು ಈ ಎರಡು ಬಣ್ಣಗಳ ನಡುವಿನ ಸೂಕ್ಷ್ಮ ಛಾಯೆಗಳಲ್ಲಿ ಪಳಗುತ್ತದೆ. ಅಗ್ಗದ ಎಷ್ಟೋ ಲ್ಯಾಪ್‌ಟಾಪುಗಳ ವಿವರಪಟ್ಟಿಯಲ್ಲಿ ‘45% ಎನ್‌ಟಿಎಸ್‌ಸಿ’ ಎಂದು ಸಣ್ಣಕ್ಷರದಲ್ಲಿ ಬರೆದಿರುತ್ತದೆ. ಅಂಥ ಪರದೆ ಬಣ್ಣಗಳ ವ್ಯಾಪ್ತಿಯಲ್ಲಿ ದೊಡ್ಡ ಪಾಲನ್ನು ತೋರಿಸುವುದೇ ಇಲ್ಲ. ಗುಲಾಬಿ ಮಾಸಿ ಕಂದಾಗುತ್ತದೆ, ನೇರಳೆ ಬೂದಾಗುತ್ತದೆ. ‘100% ಎಸ್‌ಆರ್‌ಜಿಬಿ’ ಎಂದು ನಮೂದಿಸಿದ ಐಪಿಎಸ್ ಅಥವಾ ಓಎಲ್‌ಇಡಿ ಪರದೆ ಕೇಳಿ ಪಡೆಯುವುದು ವೈದ್ಯಕೀಯ ವಿದ್ಯಾರ್ಥಿಗೆ ಶೋಕಿಯಲ್ಲ, ಓದಿನ ಅಗತ್ಯ. ಪ್ರೊಸೆಸರಿನಲ್ಲಿ ಒಂದು ಮೆಟ್ಟಿಲು ಇಳಿದಾದರೂ ಪರದೆಯಲ್ಲಿ ಒಂದು ಮೆಟ್ಟಿಲು ಏರಬೇಕು.

ಈ ಅಳತೆಗೋಲು ಹಿಡಿದು ರೂಢಿಯಲ್ಲಿರುವ ಆಯ್ಕೆಗಳನ್ನು ನೋಡಿದರೆ ಗೇಮಿಂಗ್ ಲ್ಯಾಪ್‌ಟಾಪ್ ಮೊದಲು ಸೋಲುತ್ತದೆ. ‘ಹೇಗೂ ಕೊಳ್ಳುತ್ತೀರಿ, ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಇರುವುದನ್ನೇ ಕೊಳ್ಳಿ’ ಎಂಬ ಸಲಹೆಗೆ ಒಪ್ಪಿ ಅನೇಕ ಪೋಷಕರು ಅದಕ್ಕೆ ಹಣ ಕೊಡುತ್ತಾರೆ. ಎರಡು ಕಿಲೋಗೂ ಮೀರಿದ ತೂಕ, ಅದರ ಜೊತೆ ಇಟ್ಟಿಗೆಯಂಥ ಚಾರ್ಜರ್, ಕೆಲವೇ ಗಂಟೆ ಬಾಳುವ ಬ್ಯಾಟರಿ, ಲೈಬ್ರರಿಯ ಮೌನದಲ್ಲಿ ಕೇಳುವ ಫ್ಯಾನಿನ ಸದ್ದು. ಮೂರು ಆಯಾಮದ ಅನಾಟಮಿ ಆಪ್‌ಗಳಾಗಲಿ ಸಿ.ಟಿ. ಚಿತ್ರ ತೋರಿಸುವ ತಂತ್ರಾಂಶಗಳಾಗಲಿ ವಿದ್ಯಾರ್ಥಿ ಬಳಸುವ ಮಟ್ಟಕ್ಕೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡನ್ನು ಬೇಡುವುದಿಲ್ಲ. ಇದು ವೈದ್ಯಕೀಯ ಓದಿಗೆ ಹೊಂದದ ಯಂತ್ರ.

ಮ್ಯಾಕ್‌ಬುಕ್ ಏರ್ ಬಗ್ಗೆ ತೀರ್ಪು ಅಷ್ಟು ಸರಳವಲ್ಲ. 2020ರ ಕೊನೆಗೆ ಆಪಲ್ ತನ್ನದೇ ಎಂ1 ಚಿಪ್ ತಂದ ಮೇಲೆ ಈ ಯಂತ್ರದ ಬ್ಯಾಟರಿ, ಪರದೆ, ತೂಕ ಎಲ್ಲವೂ ವಿದ್ಯಾರ್ಥಿಗೆ ಹೇಳಿ ಮಾಡಿಸಿದಂತಿವೆ. ಫ್ಯಾನ್ ಇಲ್ಲ, ಸದ್ದಿಲ್ಲ. 2024ರ ಕೊನೆಯಿಂದ ಕನಿಷ್ಠ ಮಾದರಿಗೂ 16 ಜಿಬಿ ರ‍್ಯಾಮ್ ಕೊಡುತ್ತಿದ್ದಾರೆ. ಸಂಗ್ರಹವಾದ ಮಾಹಿತಿ ಚಿಪ್ಪಿನಲ್ಲೇ ಎನ್‌ಕ್ರಿಪ್ಟ್ ಆಗುತ್ತದೆ. ಫೈಲ್‌ವಾಲ್ಟ್ ಎಂಬ ಸೌಲಭ್ಯ ಚಾಲೂ ಮಾಡಿದರೆ ಅದಕ್ಕೆ ಬಳಕೆದಾರರ ಪಾಸ್‌ವರ್ಡಿನ ಬೀಗವೂ ಬೀಳುತ್ತದೆ. ಆದರೆ ಬೆಲೆ ಲಕ್ಷದ ಹತ್ತಿರ. ಸಾಮಾನ್ಯ ಮನೆಗೆ ಅದು ದೊಡ್ಡ ಮೊತ್ತ. ರಿಪೇರಿ ದುಬಾರಿ, ಒಳಗಿನ ಯಾವ ಭಾಗವನ್ನೂ ಹೆಚ್ಚಿಸುವಂತಿಲ್ಲ. ಹಣಕ್ಕೆ ಅಡ್ಡಿಯಿಲ್ಲದವರಿಗೆ ಇದು ನಿಶ್ಚಿಂತೆಯ ಆಯ್ಕೆ. ಸಾಲ ಹೆಚ್ಚಿಸಿಕೊಂಡು ಇದನ್ನೇ ಕೊಳ್ಳಬೇಕೆಂಬ ಹಟಕ್ಕೆ ಆಧಾರವಿಲ್ಲ. ಇದಕ್ಕಿಂತ ಕಡಿಮೆ ಬೆಲೆಯ ವಿಂಡೋಸ್ ಲ್ಯಾಪ್‌ಟಾಪನ್ನೂ ಇಷ್ಟೇ ಭದ್ರ ಮಾಡಿಕೊಳ್ಳಬಹುದು.

ಕಂಪನಿಗಳು ಬಳಸಿ ಬಿಟ್ಟ ಬಿಸಿನೆಸ್ ಲ್ಯಾಪ್‌ಟಾಪುಗಳು ರೀಫರ್ಬಿಶ್ಡ್ ಹೆಸರಿನಲ್ಲಿ ಹೊಸದರ ಅರ್ಧಕ್ಕೂ ಕಡಿಮೆ ಬೆಲೆಗೆ ಸಿಗುತ್ತವೆ. ಗಟ್ಟಿ ಮೈ, ಒಳ್ಳೆ ಕೀಬೋರ್ಡ್, ಬಿಡಿಭಾಗ ಸಿಗುವ ಅನುಕೂಲ. ಬಡ ವಿದ್ಯಾರ್ಥಿಗೆ ಇದು ಗೌರವದ ದಾರಿ. ಇಲ್ಲಿ ಒಂದೇ ಎಚ್ಚರ ಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ನಡೆಯಬೇಕಾದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪೂ, ಇಂಟೆಲ್ ಆದರೆ ಬಹುಮಟ್ಟಿಗೆ ಎಂಟನೇ ತಲೆಮಾರಿನ ಅಥವಾ ಆಮೇಲಿನ ಪ್ರೊಸೆಸರೂ ಇರಬೇಕು. ಆರನೇ, ಏಳನೇ ತಲೆಮಾರಿನ ಯಂತ್ರಗಳು ಅಗ್ಗವಾಗಿ ಮಾರುಕಟ್ಟೆಗೆ ಬರಲು ಇದೂ ಒಂದು ಕಾರಣ. ಹೊಸ ದೋಷಗಳಿಗೆ ತೇಪೆ ಸಿಗದ ಯಂತ್ರದಲ್ಲಿ ಐದು ವರ್ಷ ಓದುವುದು ಅಪಾಯ. ಅದನ್ನೇ ಕೊಳ್ಳಬೇಕಾದ ಸ್ಥಿತಿಯಿದ್ದರೆ ಉಬುಂಟುವಿನಂಥ ಲಿನಕ್ಸ್ ಹಾಕಿಸಿಕೊಳ್ಳಬಹುದು, ಪಿ.ಜಿ. ತಯಾರಿಯ ಆಪ್‌ಗಳನ್ನು ಆಗ ಫೋನಿನಲ್ಲಿ ನೋಡಬೇಕಾಗಬಹುದು, ಅಷ್ಟನ್ನು ಮೊದಲೇ ವಿಚಾರಿಸಿಕೊಳ್ಳಬೇಕು.

ಟ್ಯಾಬ್ಲೆಟ್ಟೊಂದೇ ಸಾಕು ಎನ್ನುವವರೂ ಇದ್ದಾರೆ. ಚಿತ್ರ ಬಿಡಿಸುತ್ತ ಅನಾಟಮಿ ಓದುವವರಿಗೆ ಪೆನ್ನಿರುವ ಟ್ಯಾಬ್ಲೆಟ್ ನಿಜವಾಗಿ ಉಪಕಾರಿ. ಥೀಸಿಸ್, ಅಂಕಿಅಂಶ, ಉದ್ದನೆಯ ಬರವಣಿಗೆಗೆ ಬಂದಾಗ ಅದು ಕೈಕೊಡುತ್ತದೆ. ಲ್ಯಾಪ್‌ಟಾಪಿನ ಜೊತೆಗಾರನಾಗಿ ಅದಕ್ಕೆ ಬೆಲೆಯಿದೆ, ಬದಲಿಯಾಗಿ ಇಲ್ಲ.

ಇಲ್ಲಿಯವರೆಗಿನದು ಸೂಕ್ತತೆಯ ಮಾತು. ಅರ್ಧ ಪರೀಕ್ಷೆ ಅಷ್ಟೆ. ಉಳಿದರ್ಧಕ್ಕೆ ಬರಬೇಕಾದರೆ ವಿದ್ಯಾರ್ಥಿಯ ಲ್ಯಾಪ್‌ಟಾಪಿನೊಳಗೆ ಏನಿರುತ್ತದೆಂದು ನೇರವಾಗಿ ನೋಡಬೇಕು. ಪೋಸ್ಟಿಂಗಿನಲ್ಲಿ ಬರೆದ ಕೇಸ್ ಶೀಟಿನ ಟಿಪ್ಪಣಿ, ಸೆಮಿನಾರಿಗೆಂದು ಫೋನಿನಲ್ಲಿ ತೆಗೆದ ಎಕ್ಸ್‌ರೇ, ಗಾಯ, ಚರ್ಮರೋಗದ ಫೋಟೋ, ಬ್ಯಾಚಿನ ವಾಟ್ಸಾಪ್ ಗುಂಪಿನಿಂದ ತಾನಾಗಿ ಇಳಿದ ರಿಪೋರ್ಟುಗಳು, ಪಿ.ಜಿ.ಗಳಾದರೆ ನೂರಾರು ರೋಗಿಗಳ ವಯಸ್ಸು, ಒಳರೋಗಿ (ಐ.ಪಿ.) ನಂಬರು, ರೋಗ, ಚಿಕಿತ್ಸೆ ಎಲ್ಲವೂ ಸಾಲುಸಾಲಾಗಿ ಕುಳಿತ ಮಾಸ್ಟರ್ ಚಾರ್ಟ್. ಫೋನ್ ಇವನ್ನು ಹಾದು ಹೋಗುವ ದಾರಿಯಾದರೆ ಲ್ಯಾಪ್‌ಟಾಪ್ ಇವು ವರ್ಷಗಟ್ಟಲೆ ಉಳಿಯುವ ಮನೆ. ಕೋರ್ಸ್ ಮುಗಿದರೂ ಯಾರೂ ಅಳಿಸುವುದಿಲ್ಲ.

‘ಹೆಸರು ಬರೆದಿಲ್ಲವಲ್ಲ’ ಎಂಬುದು ಸಾಮಾನ್ಯವಾಗಿ ಬರುವ ಉತ್ತರ. ಕರಾವಳಿಯಲ್ಲಿ ಆ ಉತ್ತರ ನಿಲ್ಲುವುದಿಲ್ಲ. ಇಲ್ಲಿ ಊರಿನ ಹೆಸರು, ಮನೆಯ ಹೆಸರು, ಕಸುಬು, ಮಾತಾಡುವ ಭಾಷೆ ಇವಿಷ್ಟು ಸೇರಿದರೆ ಕುಟುಂಬ ಯಾವುದೆಂದು ಹೇಳಬಲ್ಲವರು ಪ್ರತಿ ಬಸ್ಸಿನಲ್ಲೂ ಇರುತ್ತಾರೆ. ಬಂಟ್ವಾಳದ ಇಂಥ ಹಳ್ಳಿಯ, ಬೀಡಿ ಕಟ್ಟುವ, ಬ್ಯಾರಿ ಮಾತಾಡುವ, ಇಷ್ಟು ವಯಸ್ಸಿನ ಹೆಂಗಸು ಎಂದು ಬರೆದ ಟಿಪ್ಪಣಿಯಲ್ಲಿ ಹೆಸರಿಲ್ಲದಿದ್ದರೂ ಆಕೆ ಇದ್ದಾಳೆ. ಆಕೆ ಆಸ್ಪತ್ರೆಗೆ ಬಂದ ಕಾರಣ ಕ್ಷಯವಾಗಿರಬಹುದು, ಗರ್ಭಪಾತವಾಗಿರಬಹುದು, ಮನೋರೋಗವಾಗಿರಬಹುದು. ಅದು ಹೊರಬಿದ್ದರೆ ಮದುವೆ ಸಂಬಂಧ ಮುರಿಯುತ್ತದೆ, ಕೆಲಸ ಹೋಗುತ್ತದೆ, ನೆರೆಹೊರೆಯ ನೋಟ ಬದಲಾಗುತ್ತದೆ. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ ಬಡ ರೋಗಿ ಬಿಳಿ ಕೋಟು ನೋಡಿ ನಂಬಿ ಎಲ್ಲವನ್ನೂ ಹೇಳಿಕೊಂಡಿರುತ್ತಾರೆ. ಎದುರಿಗಿರುವುದು ವೈದ್ಯರೋ ವಿದ್ಯಾರ್ಥಿಯೋ, ಹೇಳಿದ್ದು ಎಲ್ಲಿ ದಾಖಲಾಗುತ್ತದೆ ಎಂಬುದು ಅವರಿಗೆ ತಿಳಿದಿರುವುದಿಲ್ಲ. ತಿಳಿಯದವರ ಪರವಾಗಿ ಎಚ್ಚರ ವಹಿಸುವ ಹೊಣೆ ತಿಳಿದವರದು.

ಕಾನೂನೂ ಇದನ್ನೇ ಹೇಳುತ್ತದೆ. 2002ರ ವೈದ್ಯಕೀಯ ನೀತಿಸಂಹಿತೆ ರೋಗಿಯ ಗುಟ್ಟನ್ನು ಕಾಯಲು ಹೇಳುತ್ತದೆ. ಗುರುತು ಸಿಗುವಂಥ ಫೋಟೋ, ಕೇಸ್ ವರದಿಗಳನ್ನು ರೋಗಿಯ ಅನುಮತಿಯಿಲ್ಲದೆ ಪ್ರಕಟಿಸಬಾರದೆನ್ನುತ್ತದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮತ್ತು ಅದೇ ವರ್ಷದ ಎಚ್‌ಐವಿ ಕಾಯ್ದೆ ಗೋಪ್ಯತೆಯನ್ನು ರೋಗಿಯ ಹಕ್ಕೆಂದು ಬರೆದಿವೆ. ವ್ಯಕ್ತಿಗತ ಡಿಜಿಟಲ್ ಮಾಹಿತಿಯ ರಕ್ಷಣೆಗೆಂದೇ 2023ರಲ್ಲಿ ಕಾಯ್ದೆ ಬಂದಿದೆ. ಮಾಹಿತಿ ಕಾಯಲು ತಕ್ಕ ಕ್ರಮ ಕೈಗೊಳ್ಳದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸುವ ಅವಕಾಶ ಅದರಲ್ಲಿದೆ. ಇಷ್ಟೆಲ್ಲ ಕಾನೂನುಗಳ ಭಾರ ಕೊನೆಗೆ ಬಂದು ನಿಲ್ಲುವುದು ಹಾಸ್ಟೆಲ್ ಮೇಜಿನ ಮೇಲೆ ತೆರೆದಿಟ್ಟ ಲ್ಯಾಪ್‌ಟಾಪಿನ ಎದುರು.

ಆ ಲ್ಯಾಪ್‌ಟಾಪಿಗೆ ಬೇಕಾದ ಮೊದಲ ರಕ್ಷಣೆ ಡಿಸ್ಕಿನ ಎನ್‌ಕ್ರಿಪ್ಷನ್. ಲಾಗಿನ್ ಪಾಸ್‌ವರ್ಡ್ ಇದ್ದ ಮಾತ್ರಕ್ಕೆ ಮಾಹಿತಿ ಭದ್ರವಾಗಿದೆ ಎಂದು ಬಹಳ ಮಂದಿ ನಂಬಿದ್ದಾರೆ. ಎನ್‌ಕ್ರಿಪ್ಷನ್ ಇಲ್ಲದ ಯಂತ್ರದ ಎಸ್‌ಎಸ್‌ಡಿಯನ್ನು ಬಿಚ್ಚಿ ಇನ್ನೊಂದಕ್ಕೆ ಜೋಡಿಸಿದರೆ ಪಾಸ್‌ವರ್ಡಿನ ಹಂಗಿಲ್ಲದೆ ಎಲ್ಲ ಫೈಲೂ ತೆರೆದುಕೊಳ್ಳುತ್ತವೆ. ಬಸ್ಸಿನಲ್ಲಿ ಮರೆತ, ಹಾಸ್ಟೆಲಿನಲ್ಲಿ ಕಳುವಾದ ಲ್ಯಾಪ್‌ಟಾಪಿಗೆ ಇದೇ ಗತಿ. ವಿಂಡೋಸ್ 11 ಹೋಮ್‌ನಲ್ಲಿ ಡಿವೈಸ್ ಎನ್‌ಕ್ರಿಪ್ಷನ್, ಪ್ರೊ ಆವೃತ್ತಿಯಲ್ಲಿ ಬಿಟ್‌ಲಾಕರ್, ಮ್ಯಾಕ್‌ನಲ್ಲಿ ಫೈಲ್‌ವಾಲ್ಟ್, ಉಬುಂಟುವಿನಲ್ಲಿ ಸ್ಥಾಪಿಸುವಾಗಲೇ ಆರಿಸುವ ಡಿಸ್ಕ್ ಎನ್‌ಕ್ರಿಪ್ಷನ್. ಯಾವುದಕ್ಕೂ ಪ್ರತ್ಯೇಕ ಹಣ ಕೊಡಬೇಕಿಲ್ಲ.

ಆದರೆ ಬೀಗ ಹಾಕಿದ ಮೇಲೆ ಕೀಲಿ ಎಲ್ಲಿದೆ ಎಂಬುದು ಮುಖ್ಯ. ವಿಂಡೋಸ್‌ನಲ್ಲಿ ಎನ್‌ಕ್ರಿಪ್ಷನ್ ಆದಾಗ 48 ಅಂಕಿಯ ರಿಕವರಿ ಕೀ ಹುಟ್ಟುತ್ತದೆ. ಯಂತ್ರವನ್ನು ಮೈಕ್ರೋಸಾಫ್ಟ್ ಖಾತೆಯಿಂದ ತೆರೆದಿದ್ದರೆ ಸಾಮಾನ್ಯವಾಗಿ ಆ ಖಾತೆಗೆ ಹೋಗಿ ಸೇರುತ್ತದೆ. ಹೊಸ ಲ್ಯಾಪ್‌ಟಾಪನ್ನು ಅಂಗಡಿಯಲ್ಲೇ ತೆರೆದು, ‘ರೆಡಿ ಮಾಡಿ’ ಕೊಡುವ ಪದ್ಧತಿ ನಮ್ಮಲ್ಲಿ ಸಹಜವಾಗಿದೆ. ಆ ಗಡಿಬಿಡಿಯಲ್ಲಿ ಬೇರೆ ಯಾರದೋ ಇಮೇಲ್ ಬಳಸಿ ಖಾತೆ ತೆರೆದರೆ ಕೀಲಿ ಅವರ ಕೈಗೆ ಹೋಯಿತು. ಎರಡು ವರ್ಷದ ಮೇಲೆ ಮಳೆಗಾಲದ ತೇವಕ್ಕೋ ಸಿಡಿಲಿನ ಹೊಡೆತಕ್ಕೋ ಮದರ್‌ಬೋರ್ಡ್ ಹಾಳಾಗಿ ವಾರಂಟಿಯಲ್ಲಿ ಬದಲಾಯಿಸಿದಾಗ ಹೊಸ ಬೋರ್ಡಿನ ಭದ್ರತಾ ಚಿಪ್ ಹಳೆಯ ಡಿಸ್ಕನ್ನು ಗುರುತಿಸುವುದಿಲ್ಲ. ಪರದೆ ರಿಕವರಿ ಕೀ ಕೇಳುತ್ತದೆ. ಆಗ ಕೀ ಸಿಗದಿದ್ದರೆ ಥೀಸಿಸ್ ಸಮೇತ ಎಲ್ಲವೂ ಹೋದಂತೆ. ಆದ್ದರಿಂದ ಮೊದಲ ಬಾರಿ ಯಂತ್ರವನ್ನು ವಿದ್ಯಾರ್ಥಿಯೇ, ತನ್ನದೇ ಇಮೇಲಿನಿಂದ, ಮನೆಯಲ್ಲಿ ಕುಳಿತು ತೆರೆಯಬೇಕು. ರಿಕವರಿ ಕೀಯನ್ನು ಕಾಗದದಲ್ಲಿ ಬರೆದು ಸೀಟು ಹಂಚಿಕೆಯ ಪತ್ರ, ಅಂಕಪಟ್ಟಿಗಳ ಫೈಲಿನಲ್ಲಿ ಇಡಬೇಕು.

ಅಂಗಡಿಯಿಂದ ಬರುವ ಇನ್ನೊಂದು ‘ಉಪಕಾರ’ ಕ್ರ್ಯಾಕ್ ಮಾಡಿದ ತಂತ್ರಾಂಶ. ನಕಲಿ ಆಫೀಸ್, ನಕಲಿ ವಿಂಡೋಸ್, ಪಿ.ಜಿ.ಗಳ ನಡುವೆ ಪೆನ್‌ಡ್ರೈವಿನಲ್ಲಿ ಹರಿದಾಡುವ ನಕಲಿ ಎಸ್‌ಪಿಎಸ್‌ಎಸ್. ಇವನ್ನು ಚಾಲೂ ಮಾಡಲು ಮೊದಲು ಆಂಟಿವೈರಸ್ ಆಫ್ ಮಾಡಿ ಎಂದು ಹೇಳುತ್ತಾರೆ. ಆ ಮಾತಿನಲ್ಲೇ ಅಪಾಯದ ಅಳತೆಯಿದೆ. ಪಾಸ್‌ವರ್ಡ್ ಕದಿಯುವ ತಂತ್ರಾಂಶಗಳಿಗೆ ಇದಕ್ಕಿಂತ ಸಲೀಸಾದ ಬಾಗಿಲಿಲ್ಲ. ಬೇಕಿಲ್ಲದ ಅಪಾಯ ಇದು. ಎಂಬಿಬಿಎಸ್ ಹಾಗೂ ಹೆಚ್ಚಿನ ಪಿ.ಜಿ. ಸಂಶೋಧನೆಗಳಿಗೆ ಬೇಕಾದ ಕೈ-ವರ್ಗ ಪರೀಕ್ಷೆ, ಟಿ-ಟೆಸ್ಟ್, ರಿಗ್ರೆಶನ್‌ಗಳನ್ನು ಜಮೋವಿ, ಆರ್‌ನಂಥ ತಂತ್ರಾಂಶಗಳು ಉಚಿತವಾಗಿ ಮಾಡಿಕೊಡುತ್ತವೆ. ಬರವಣಿಗೆಗೆ ಲಿಬ್ರೆಆಫೀಸ್ ಇದೆ. ಕಾಲೇಜಿನ ಇಮೇಲ್ ಇದ್ದರೆ ಅಸಲಿ ಆಫೀಸ್ ಸಿಗುತ್ತದೆಯೇ ಎಂದು ಮೊದಲು ಕೇಳಬೇಕು. ಥೀಸಿಸ್ ಗೈಡುಗಳು ತಮ್ಮ ವಿದ್ಯಾರ್ಥಿಗಳಿಗೆ ಈ ದಾರಿ ತೋರಿಸಿದರೆ ವಿಭಾಗದ ಅರ್ಧ ಕಂಪ್ಯೂಟರುಗಳು ಶುದ್ಧವಾಗುತ್ತವೆ.

ಪೆನ್‌ಡ್ರೈವ್ ಅಂತೂ ವೈದ್ಯಕೀಯ ಕಾಲೇಜಿನ ಸಾಂಕ್ರಾಮಿಕ ರೋಗವಾಹಕ. ಸೆಮಿನಾರ್ ಹಾಲಿನ ಕಂಪ್ಯೂಟರು, ವಿಭಾಗದ ಕಂಪ್ಯೂಟರು, ಥೀಸಿಸ್ ಪ್ರಿಂಟ್ ಹಾಕುವ ಝೆರಾಕ್ಸ್ ಅಂಗಡಿ, ಅಲ್ಲಿಂದ ಹಾಸ್ಟೆಲ್. ಫೈಲುಗಳೆಲ್ಲ ಶಾರ್ಟ್‌ಕಟ್ ಆಗಿ ಕಾಣುವ ಅನುಭವ ಯಾವ ಬ್ಯಾಚಿಗೂ ಹೊಸದಲ್ಲ. ವಾರ್ಡಿನಿಂದ ವಾರ್ಡಿಗೆ ಹೋಗುವಾಗ ಕೈ ತೊಳೆಯಲು ಕಲಿಸುವ ಕಾಲೇಜಿನಲ್ಲಿ ಇದಕ್ಕೂ ಅದೇ ಶಿಸ್ತು ಬೇಕು. ಪ್ರೆಸೆಂಟೇಶನ್‌ಗೆ ಬೇರೆಯದೇ ಪೆನ್‌ಡ್ರೈವ್ ಇರಲಿ, ಅದರಲ್ಲಿ ರೋಗಿಯ ಮಾಹಿತಿ ಇರದಿರಲಿ, ಪ್ರಿಂಟಿಗೆ ಪಿಡಿಎಫ್ ಮಾತ್ರ ಹೋಗಲಿ. ಆಸ್ಪತ್ರೆಯ ಜಾಲಕ್ಕೇ ಸೋಂಕು ತಗುಲಿದರೆ ಏನಾಗುತ್ತದೆಂದು ಈಗಾಗಲೇ ಕಂಡಿದ್ದೇವೆ. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಸರ್ವರುಗಳ ಮೇಲೆ, ಮಾಹಿತಿಗೆ ಬೀಗ ಜಡಿದು ಹಣ ಕೇಳುವ ರ‍್ಯಾನ್ಸಮ್‌ವೇರ್ ದಾಳಿಯಾದಾಗ ದೇಶದ ಅತಿ ದೊಡ್ಡ ಆಸ್ಪತ್ರೆಗಳಲ್ಲೊಂದು ದಿನಗಟ್ಟಲೆ ಕಾಗದ-ಪೆನ್ನಿನಲ್ಲಿ ಕೆಲಸ ನಡೆಸಬೇಕಾಯಿತು. 2017ರ ಮೇ ತಿಂಗಳಲ್ಲಿ ಇಂಥದೇ ವಾನ್ನಕ್ರೈ ದಾಳಿ ಬ್ರಿಟನ್ನಿನ ಆಸ್ಪತ್ರೆಗಳನ್ನು ಹೊಕ್ಕದ್ದು ಅಪ್‌ಡೇಟ್ ಮಾಡದ ವಿಂಡೋಸ್ ಯಂತ್ರಗಳ ಮೂಲಕ. ಆಸ್ಪತ್ರೆಯ ಜಾಲಕ್ಕೆ ಜೋಡಿಸುವ ಪ್ರತಿ ಖಾಸಗಿ ಲ್ಯಾಪ್‌ಟಾಪ್ ಕೂಡ ಆ ಜಾಲದ ಒಂದು ಬಾಗಿಲು.

ರ‍್ಯಾನ್ಸಮ್‌ವೇರ್‌ಗೂ ಮಂಗಳೂರಿನ ಮಳೆಗೂ ಮದ್ದು ಒಂದೇ: ಬ್ಯಾಕಪ್. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವ, ಸಮುದ್ರದ ಉಪ್ಪುಗಾಳಿ, ಏಪ್ರಿಲ್-ಮೇ ಮತ್ತು ಅಕ್ಟೋಬರಿನ ಸಂಜೆಗಳ ಗುಡುಗು-ಸಿಡಿಲು, ವಿದ್ಯುತ್ ಹೋಗಿ ಬರುವಾಗಿನ ಏರಿಳಿತ ಎಲ್ಲವೂ ಯಂತ್ರದ ಆಯುಷ್ಯ ತಿನ್ನುತ್ತವೆ. ಸ್ಪೈಕ್ ಗಾರ್ಡ್ ಬೇಕು. ಸಿಡಿಲಿನ ಹೊತ್ತು ಚಾರ್ಜರನ್ನು ಗೋಡೆಯಿಂದ ಕೀಳುವುದು ಅದಕ್ಕಿಂತಲೂ ಒಳ್ಳೆಯದು. ನೀರು ಬಿದ್ದರೂ ಒಡೆದರೂ ಅನ್ವಯಿಸುವ ಅಪಘಾತ ರಕ್ಷಣೆಯ ವಾರಂಟಿಗೆ ಈ ಊರಿನಲ್ಲಿ ಹಣ ಕೊಡುವುದು ಸಾರ್ಥಕ. ಸರ್ವಿಸ್ ಮಂಗಳೂರಿನಲ್ಲೇ ಆಗುತ್ತದೆಯೋ ಬೆಂಗಳೂರಿಗೆ ಕಳುಹಿಸಬೇಕೋ ಎಂಬುದನ್ನೂ ಕೊಳ್ಳುವ ಮೊದಲೇ ಕೇಳಬೇಕು. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಜಾಗದಲ್ಲಿ ಎಂಬುದು ಬ್ಯಾಕಪ್ಪಿನ ಹಳೆಯ ಸೂತ್ರ. ಲ್ಯಾಪ್‌ಟಾಪಿನಲ್ಲಿ ಒಂದು, ಎನ್‌ಕ್ರಿಪ್ಟ್ ಮಾಡಿದ ಎಕ್ಸ್‌ಟರ್ನಲ್ ಡಿಸ್ಕಿನಲ್ಲಿ ಒಂದು, ಕಾಲೇಜು ಒಪ್ಪಿದ ಕ್ಲೌಡಿನಲ್ಲಿ ಒಂದು. ಮಾಸ್ಟರ್ ಚಾರ್ಟಿನಲ್ಲಿ ರೋಗಿಗೆ ಸಂಕೇತಸಂಖ್ಯೆ ಕೊಟ್ಟು, ಯಾವ ಸಂಖ್ಯೆ ಯಾರದೆಂಬ ಪಟ್ಟಿಯನ್ನು ಬೇರೆ ಕಡೆ ಇಟ್ಟರೆ ಯಾವ ಪ್ರತಿ ಸೋರಿದರೂ ರೋಗಿ ಉಳಿಯುತ್ತಾರೆ.

ರಿಪೇರಿಗೆ ಕೊಟ್ಟಾಗ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಲ್ಯಾಪ್‌ಟಾಪಿನ ಮೇಲೆ ಅಂಟಿಸುವ ಪದ್ಧತಿಯನ್ನು ಎಲ್ಲರೂ ನೋಡಿದ್ದೇವೆ. ಆ ಚೀಟಿಯೊಂದಿಗೆ ವಾರ್ಡಿನ ಅಷ್ಟೂ ಫೋಟೋಗಳನ್ನು ಅಂಗಡಿಯ ಕಪಾಟಿಗೆ ಒಪ್ಪಿಸಿದಂತಾಗುತ್ತದೆ. ಪರದೆ, ಬ್ಯಾಟರಿ, ಕೀಬೋರ್ಡ್ ಬದಲಿಸಲು ಪಾಸ್‌ವರ್ಡ್ ಬೇಕಿಲ್ಲ. ಬೇಕೇ ಬೇಕು ಎಂದರೆ ಪರೀಕ್ಷೆಗೆಂದು ಬೇರೆ ಖಾತೆ ತೆರೆದು ಕೊಡಬಹುದು.

ಇಷ್ಟಕ್ಕೂ ವಿದ್ಯಾರ್ಥಿಯ ಬಳಿ ರೋಗಿಯ ಮಾಹಿತಿ ಇರಲೇಬಾರದು, ಇಲ್ಲದಿದ್ದರೆ ಕಾಯುವ ತಾಪತ್ರಯವೂ ಇಲ್ಲ ಎಂದು ವಾದಿಸಬಹುದು. ಆದರ್ಶವಾಗಿ ಅದು ಸರಿ. ಆದರೆ ಲಾಗ್‌ಬುಕ್, ಕೇಸ್ ಪ್ರೆಸೆಂಟೇಶನ್, ಥೀಸಿಸ್ ಎಲ್ಲವನ್ನೂ ವಿದ್ಯಾರ್ಥಿಯಿಂದ ಕೇಳುವ ವ್ಯವಸ್ಥೆ ಆ ವಾದವನ್ನು ತಾನೇ ಮುರಿಯುತ್ತದೆ. ಕೆಲಸ ಮಾಡಿಸಿಕೊಳ್ಳುವ ಸಂಸ್ಥೆ ಅದಕ್ಕೆ ಬೇಕಾದ ಭದ್ರ ಸಾಧನವನ್ನಾದರೂ ಸೂಚಿಸಬೇಕು. ಬಡವರಿಗೆ ಇದು ಹೊರೆ ಎಂಬ ಇನ್ನೊಂದು ಮಾತನ್ನು ಗೌರವದಿಂದ ಕೇಳಬೇಕು. ಮೇಲೆ ಹೇಳಿದ ರಕ್ಷಣೆಗಳಲ್ಲಿ ಹೆಚ್ಚಿನವು ಉಚಿತ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಕೋರ್ಸಿಗೆ ಅಗತ್ಯವಾದ ಕಂಪ್ಯೂಟರಿನ ವೆಚ್ಚವನ್ನೂ ಸೇರಿಸಲು ಅವಕಾಶವಿದೆ. ಸಾಲದ ಅರ್ಜಿಯಲ್ಲಿ ಅದನ್ನು ಬರೆಯಲು ಎಷ್ಟೋ ಕುಟುಂಬಗಳಿಗೆ ಯಾರೂ ಹೇಳಿರುವುದಿಲ್ಲ.

ಹಾಗಾಗಿ ಈ ವಿಮರ್ಶೆಯ ಕೊನೆಯ ತೀರ್ಪು ವಿದ್ಯಾರ್ಥಿಯ ಮೇಲಲ್ಲ. ಹದಿನೆಂಟರ ಹರೆಯದಲ್ಲಿ, ಮನೆಯವರ ಹಣದಲ್ಲಿ, ಅಂಗಡಿಯ ಸಲಹೆಯಲ್ಲಿ ಆಯ್ಕೆ ಮಾಡುವವರಿಗೆ ಸರಿಯಾದ ಅಳತೆಗೋಲು ಕೊಡಬೇಕಾದವರು ಹಿರಿಯರು. ಅಮೆರಿಕದ ಅನೇಕ ವೈದ್ಯಕೀಯ ಶಾಲೆಗಳು ಹೊಸಬರ ಲ್ಯಾಪ್‌ಟಾಪಿಗೆ ಕನಿಷ್ಠ ಗುಣಗಳನ್ನೂ ಎನ್‌ಕ್ರಿಪ್ಷನ್ ಕಡ್ಡಾಯವೆಂಬ ನಿಯಮವನ್ನೂ ಮೊದಲೇ ಬರೆದು ಕೊಡುತ್ತವೆ. ಮಂಗಳೂರಿನ ಪ್ರತಿ ವೈದ್ಯಕೀಯ ಕಾಲೇಜೂ ಪ್ರವೇಶದ ದಿನ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಅಂಥ ಒಂದು ಪುಟ ಕೊಡಲಿ. ಅದಕ್ಕೆ ಹೊಸ ಪಠ್ಯ ಬೇಕಿಲ್ಲ. ಈಗಿನ ಪಠ್ಯಕ್ರಮದ ಫೌಂಡೇಶನ್ ಕೋರ್ಸಿನಲ್ಲಿ ಸ್ಥಳೀಯ ಭಾಷೆಗೂ ಕಂಪ್ಯೂಟರ್ ಕೌಶಲಕ್ಕೂ ಜಾಗವಿದೆ. ನಡತೆ, ನೀತಿ, ಸಂವಹನವನ್ನು ಕಲಿಸುವ ಏಟ್‌ಕಾಮ್ ತರಗತಿಗಳಿವೆ. ಒಂದು ಮಧ್ಯಾಹ್ನ ಎಲ್ಲರೂ ತಮ್ಮ ಲ್ಯಾಪ್‌ಟಾಪ್ ತಂದು, ಎನ್‌ಕ್ರಿಪ್ಷನ್ ಹಾಕಿ, ರಿಕವರಿ ಕೀ ಬರೆದುಕೊಂಡು, ಬ್ಯಾಕಪ್ ಜೋಡಿಸಿ, ನಕಲಿ ತಂತ್ರಾಂಶ ತೆಗೆದು ಹೋಗಲಿ. ಪಿ.ಜಿ. ಥೀಸಿಸ್ಸಿಗೆ ಎಥಿಕ್ಸ್ ಕಮಿಟಿ ಒಪ್ಪಿಗೆ ಕೊಡುವಾಗ ರೋಗಿಗಳ ಮಾಹಿತಿ ಯಾವ ಯಂತ್ರದಲ್ಲಿ, ಯಾವ ಬೀಗದಡಿ, ಎಷ್ಟು ಕಾಲ ಇರುತ್ತದೆ ಎಂದು ಕೇಳಲಿ. ಥೀಸಿಸ್ ಮುಗಿದಾಗ ಅಳಿಸಿದ್ದಕ್ಕೂ ಸಹಿ ಇರಲಿ.

ಪೋಷಕರಿಗೆ ಹೇಳುವುದು ಇಷ್ಟು: ಕೌಂಟರಿನಲ್ಲಿ ಪ್ರೊಸೆಸರಿನ ಹೆಸರು ಕೇಳುವ ಮೊದಲು ಆರು ವರ್ಷ ಭದ್ರತಾ ಅಪ್‌ಡೇಟ್ ಬರುತ್ತದೆಯೇ, ಅಸಲಿ ವಿಂಡೋಸ್ ಜೊತೆಗೇ ಬರುತ್ತದೆಯೇ, ಟಿಪಿಎಂ 2.0 ಇದೆಯೇ, ಪರದೆ ನೂರಕ್ಕೆ ನೂರು ಎಸ್‌ಆರ್‌ಜಿಬಿಯೇ, ಸರ್ವಿಸ್ ಊರಿನಲ್ಲೇ ಇದೆಯೇ ಎಂದು ಕೇಳಿ. ಸಮಾಧಾನದ ಉತ್ತರ ಬಂದರೆ ಪೆಟ್ಟಿಗೆಯನ್ನು ಒಡೆಯದೆ ಮನೆಗೆ ತನ್ನಿ. ಮಗನೋ ಮಗಳೋ ತಮ್ಮ ಕೈಯಾರೆ ಅದನ್ನು ತೆರೆದು ಬೀಗ ಹಾಕಲಿ. ವೈದ್ಯರಾಗುವವರು ರೋಗಿಯ ನಂಬಿಕೆಗೆ ತೋರುವ ಗೌರವ ಪದವಿ ಬಂದ ದಿನ ಶುರುವಾಗಬೇಕಿಲ್ಲ. ಕಾಲೇಜು ಸೇರುವ ವಾರದಲ್ಲೇ ಅದನ್ನು ಶುರು ಮಾಡಲು ಸಾಧ್ಯವಿದೆ, ಆ ವಾರದಲ್ಲೇ ಶುರು ಮಾಡಬೇಕು.